ಹಾಡಿನ ಸರ್ವರ್‌ಗೆ ಯಾವ ಪೆಟ್ಟಿಗೆ? ವೇಗ ಬಿಡಿ, ಕರೆಂಟ್ ಹೋದಾಗ ಏನಾಗುತ್ತದೆ ನೋಡಿ

ಪ್ರಶ್ನೆ: ನಮ್ಮದು ಸಾಗರದ ಹತ್ತಿರದ ಹಳ್ಳಿ. ಅಪ್ಪ ಕೂಡಿಟ್ಟ ಕ್ಯಾಸೆಟ್‌ಗಳು ಸುಮಾರು 300, ಸಿಡಿಗಳು 250 ಇವೆ. ಹೆಚ್ಚಿನವು ಯಕ್ಷಗಾನ, ತಾಳಮದ್ದಲೆ. ಕಾಳಿಂಗ ನಾವಡರ ಭಾಗವತಿಕೆ, ಶೇಣಿಯವರ ಅರ್ಥಗಾರಿಕೆ, ಜೊತೆಗೆ ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್. ಎರಡು ವರ್ಷ ಕೂತು ಎಲ್ಲವನ್ನೂ ಫ್ಲ್ಯಾಕ್ (ಗುಣ ಕಳೆಯದೆ ಧ್ವನಿಯನ್ನು ಕಿರಿದು ಮಾಡುವ ಬಗೆ) ಫೈಲುಗಳಾಗಿ ಇಳಿಸಿದ್ದೇನೆ. ಅಮ್ಮ ಅಡುಗೆಮನೆಯಲ್ಲಿ ಫೋನಿನಿಂದ, ನಾನು ಜಗಲಿಯ ಆಂಪ್ಲಿಫೈಯರ್‌ನಲ್ಲಿ, ತಮ್ಮ ಬೆಂಗಳೂರಿನಿಂದಲೇ ಕೇಳುವ ಹಾಗೆ ಒಂದು ಸರ್ವರ್ ಮಾಡಬೇಕು. ಅಂಗಡಿಯವರು ಐ5 ಪ್ರೊಸೆಸರ್, 16 ಜಿಬಿ ರ‍್ಯಾಮ್ ಬೇಕೇ ಬೇಕು ಅನ್ನುತ್ತಾರೆ. ತಮ್ಮ ರಾಸ್ಪ್‌ಬೆರಿ ಪೈ ಎಂಬ ಅಂಗೈಯಷ್ಟು ಗಾತ್ರದ ಕಂಪ್ಯೂಟರ್ ಸಾಕು ಅನ್ನುತ್ತಾನೆ. ಅದರಲ್ಲಿ ಸೌಂಡ್ ಚೆನ್ನಾಗಿ ಬರುವುದಿಲ್ಲ ಎಂದು ಇನ್ನೊಬ್ಬರು ಹೆದರಿಸಿದ್ದಾರೆ. ಅಟ್ಟದಲ್ಲಿ 2011ರ ಡೆಸ್ಕ್‌ಟಾಪ್ ಒಂದಿದೆ, ಅದನ್ನೇ ಬಳಸಲಾ? ತಿಂಗಳಿಗೆ 170 ಯೂನಿಟ್ ಆಗುತ್ತದೆ, ಗೃಹಜ್ಯೋತಿ ಇದೆ. ಮಳೆಗಾಲದಲ್ಲಿ ಕರೆಂಟ್ ದಿನಕ್ಕೆ ಹತ್ತು ಸಲ ಹೋಗುತ್ತದೆ. ನನ್ನ ಬಜೆಟ್ 15,000 ರೂಪಾಯಿ.

ಉತ್ತರ: ಮೊದಲು ಒಂದು ಮಾತು. ಎರಡು ವರ್ಷ ಕೂತು 300 ಕ್ಯಾಸೆಟ್ ಇಳಿಸಿದ್ದೀರಲ್ಲ, ಕಷ್ಟದ ಕೆಲಸ ಅಲ್ಲೇ ಮುಗಿದಿದೆ. ಕ್ಯಾಸೆಟ್ ಅಂದರೆ ಅದು ಓಡುವಷ್ಟು ಹೊತ್ತು ಕಾಯಲೇಬೇಕು, ಮನೆಯಲ್ಲಿ ಬೇಗ ಮುಗಿಸುವ ಸುಲಭ ದಾರಿ ಇಲ್ಲ. ಆ ಶ್ರಮ ಹಾಳಾಗದ ಹಾಗೆ ನೋಡಿಕೊಳ್ಳುವುದೇ ಈಗಿನ ಮುಖ್ಯ ಪ್ರಶ್ನೆ. ಪ್ರೊಸೆಸರ್ ಯಾವುದು ಅನ್ನುವುದು ಆಮೇಲಿನ ಮಾತು.

ನಾನು ಶಿವಮೊಗ್ಗ ಸುತ್ತಮುತ್ತ ಮನೆಗಳಿಗೆ, ಸಣ್ಣ ಆಫೀಸುಗಳಿಗೆ ನೆಟ್‌ವರ್ಕ್, ಸರ್ವರ್ ಹಾಕಿಕೊಡುವ ಕೆಲಸ ಮಾಡುತ್ತೇನೆ. ಹಾಡಿನ ಸರ್ವರ್ ನಿಧಾನವಾಯಿತು ಎಂದು ನನ್ನನ್ನು ಕರೆಸಿದವರು ಬಹಳ ಕಡಿಮೆ. ಕರೆಂಟ್ ಹೋಗಿ ಬಂದ ಮೇಲೆ ಏಳಲೇ ಇಲ್ಲ ಎಂದು ಕರೆಸಿದವರೇ ಜಾಸ್ತಿ. ಹಾಗಾಗಿ ನನ್ನ ಉತ್ತರವೆಲ್ಲ ಆ ಕಡೆಗೇ ವಾಲಿರುತ್ತದೆ.

ನಿಮಗೆ ಎಷ್ಟು ಶಕ್ತಿ ಬೇಕು ಎಂದು ಲೆಕ್ಕ ಹಾಕೋಣ. ಸಿಡಿಯ ಧ್ವನಿ ಸೆಕೆಂಡಿಗೆ 44,100 ಸಲ ಅಳೆದದ್ದು, ಪ್ರತಿ ಅಳತೆ 16 ಬಿಟ್, ಎರಡು ಚಾನೆಲ್. ಗುಣಿಸಿದರೆ ಸೆಕೆಂಡಿಗೆ 1,411 ಕಿಲೋಬಿಟ್. ಫ್ಲ್ಯಾಕ್ ಅದನ್ನು ಒಂದು ಚೂರೂ ಕಳೆಯದೆ ಸುಮಾರು ಅರ್ಧದಿಂದ ಮೂರನೇ ಎರಡು ಭಾಗಕ್ಕೆ ಇಳಿಸುತ್ತದೆ. ಅಂದರೆ ಒಬ್ಬರು ಹಾಡು ಕೇಳಲು ಹೆಚ್ಚೂ ಕಡಿಮೆ 1 ಎಂಬಿಪಿಎಸ್ (ಸೆಕೆಂಡಿಗೆ ಒಂದು ಸಾವಿರ ಕಿಲೋಬಿಟ್) ಸಾಕು. ಅಮ್ಮ, ನೀವು, ತಮ್ಮ ಮೂವರೂ ಒಟ್ಟಿಗೆ ಕೇಳಿದರೆ 3. ಹಳೇ ಕಾಲದ 100 ಎಂಬಿಪಿಎಸ್ ಪೋರ್ಟ್ ಇರುವ ಪೆಟ್ಟಿಗೆಗೂ ಇದು ಲೆಕ್ಕಕ್ಕೇ ಇಲ್ಲ. ಸರ್ವರ್ ಮಾಡುವ ಕೆಲಸವಾದರೂ ಏನು? ಡಿಸ್ಕಿನಿಂದ ಫೈಲ್ ಓದಿ, ತಂತಿಗೆ ಕೊಡುವುದು. ಅಷ್ಟೇ. ನ್ಯಾವಿಡ್ರೋಮ್ ಅಥವಾ ಲಿರಿಯನ್ ಥರದ ಸರ್ವರ್ ತಂತ್ರಾಂಶ ಮೊದಲ ಸಲ ನಿಮ್ಮ ಎಲ್ಲ ಫೈಲು ಜಾಲಾಡುವಾಗ ಮಾತ್ರ ಪ್ರೊಸೆಸರ್‌ಗೆ ಒಂದಿಷ್ಟು ದುಡಿಮೆ. ನಿಮ್ಮದು ಎರಡು ಮೂರು ಸಾವಿರ ಫೈಲು ಇರಬಹುದು. ಪೈನ ನಾಲ್ಕನೇ ಮಾದರಿಯಾದ ಪೈ 4ರಲ್ಲೂ ಅದು ಕೆಲವೇ ನಿಮಿಷದ ಕೆಲಸ.

ಹಾಗಾದರೆ ಐ5, 16 ಜಿಬಿ ಅನ್ನುವ ಸಲಹೆ ಎಲ್ಲಿಂದ ಬಂತು? ಅದು ಪೂರ್ತಿ ಸುಳ್ಳಲ್ಲ, ಬೇರೆಯವರ ಅಗತ್ಯ. ರೂನ್ ಎಂಬ ದುಬಾರಿ ತಂತ್ರಾಂಶ ಇದೆ, ಅದರ ಸರ್ವರ್‌ಗೆ ಕನಿಷ್ಠ ಐ3 ಮಟ್ಟದ ಪ್ರೊಸೆಸರ್ ಬೇಕು ಎಂದು ಮಾಡಿದವರೇ ಹೇಳುತ್ತಾರೆ. ಧ್ವನಿಯ ಅಳತೆಗಳ ಸಂಖ್ಯೆಯನ್ನು ಸರ್ವರಿನಲ್ಲೇ ಹತ್ತಾರು ಪಟ್ಟು ಹಿಗ್ಗಿಸಿ ಕಳಿಸುವ ಹವ್ಯಾಸಿಗಳೂ ಇದ್ದಾರೆ. ಸಿನಿಮಾ ಕೂಡ ಅದೇ ಪೆಟ್ಟಿಗೆಯಿಂದ ಬೇಕು, ವಿಡಿಯೋವನ್ನು ಬೇರೆ ಅಳತೆಗೆ ಬದಲಿಸುತ್ತಾ ಕಳಿಸಬೇಕು ಅಂದರೆ ಆಗಲೂ ಬಲ ಬೇಕು. ನಿಮಗೆ ಇದು ಯಾವುದೂ ಬೇಡ, ಅಲ್ವಾ? 2 ಜಿಬಿ ರ‍್ಯಾಮ್ ಧಾರಾಳ.

ಇನ್ನು ಸೌಂಡಿನ ಭಯ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಇದರಲ್ಲಿ ಸುಳ್ಳೂ ಇದೆ, ನಿಜವೂ ಇದೆ. ಸರ್ವರಿನಿಂದ ಅಮ್ಮನ ಫೋನಿಗೆ ಹೋಗುವುದು ಧ್ವನಿ ಅಲ್ಲ, ಅಂಕಿಗಳು. ದಾರಿಯಲ್ಲಿ ಒಂದು ತುಣುಕು ತಪ್ಪಿದರೆ ನೆಟ್‌ವರ್ಕ್ ಅದನ್ನು ಮತ್ತೆ ಕೇಳಿ ತರಿಸಿಕೊಳ್ಳುತ್ತದೆ. ಪೈ ಕಳಿಸಿದ ಫೈಲೂ ಲಕ್ಷ ರೂಪಾಯಿಯ ಯಂತ್ರ ಕಳಿಸಿದ ಫೈಲೂ ಕೊನೆಯ ಬಿಟ್‌ವರೆಗೆ ಒಂದೇ. ಧ್ವನಿ ಹುಟ್ಟುವುದು ಆ ಅಂಕಿಗಳನ್ನು ಅಲೆಯಾಗಿ ಬದಲಿಸುವ ಡ್ಯಾಕ್‌ನಲ್ಲಿ, ಆಮೇಲೆ ಆಂಪ್ಲಿಫೈಯರ್‌ನಲ್ಲಿ, ಸ್ಪೀಕರ್‌ನಲ್ಲಿ. ಆದ್ದರಿಂದ ಸರ್ವರ್‌ಗೆ ವಿಶೇಷ ಕೇಬಲ್, ವಿಶೇಷ ಪವರ್ ಸಪ್ಲೈ ಎಂದು ಯಾರಾದರೂ ಮಾರಲು ಬಂದರೆ ಆ ದುಡ್ಡು ಸ್ಪೀಕರ್‌ಗೆ ಹಾಕಿ.

ನಿಜ ಇರುವುದು ಎಲ್ಲಿ ಅಂದರೆ, ಅದೇ ಪೈಯಿಂದ ನೇರವಾಗಿ ಆಂಪ್ಲಿಫೈಯರ್‌ಗೆ ತಂತಿ ಎಳೆದಾಗ. ಪೈ 4ರ ಮೇಲಿರುವ ಹೆಡ್‌ಫೋನ್ ತೂತು ಹೆಸರಿಗೆ ಮಾತ್ರ ಇದೆ, ಅದರಲ್ಲಿ ಹಿನ್ನೆಲೆಯ ಸದ್ದು ಕೇಳಿಸುತ್ತದೆ. ಪೈ 5ರಲ್ಲಿ ಆ ತೂತನ್ನೇ ತೆಗೆದಿದ್ದಾರೆ. ‘ಪೈ ಸೌಂಡ್ ಚೆನ್ನಾಗಿಲ್ಲ’ ಎಂಬ ಮಾತು ಹುಟ್ಟಿದ್ದು ಅಲ್ಲಿಂದಲೇ ಇರಬೇಕು. ಸಣ್ಣ ಯುಎಸ್‌ಬಿ ಡ್ಯಾಕ್ ಹಾಕಿದರೆ ಅಥವಾ ಪೈ ಮೇಲೆಯೇ ಕೂರುವ ಡ್ಯಾಕ್ ಬೋರ್ಡ್ ಹಾಕಿದರೆ ಆ ದೂರು ಮುಗಿಯಿತು. ಕೆಲವೊಮ್ಮೆ ಅರ್ಥಿಂಗ್ ಸರಿ ಇಲ್ಲದ ಮನೆಯಲ್ಲಿ ಕಂಪ್ಯೂಟರ್ ಮತ್ತು ಆಂಪ್ಲಿಫೈಯರ್ ಸೇರಿಸಿದ ಕೂಡಲೇ ಸಣ್ಣ ಗುಂಯ್ ಸದ್ದು ಬರುತ್ತದೆ. ಎರಡನ್ನೂ ಒಂದೇ ಪವರ್ ಬೋರ್ಡಿಗೆ ಹಾಕಿ ನೋಡಿ, ಬಹಳ ಕಡೆ ಅಲ್ಲಿಗೇ ನಿಲ್ಲುತ್ತದೆ.

ಈಗ ಕರೆಂಟ್ ಬಿಲ್. ಒಂದು ಸುಲಭ ಸೂತ್ರ ಇಟ್ಟುಕೊಳ್ಳಿ: ವರ್ಷವಿಡೀ ಉರಿಯುವ 1 ವಾಟ್ ಅಂದರೆ 8.76 ಯೂನಿಟ್, ಸುಮಾರು ಒಂಬತ್ತು. ನಿಮ್ಮ ಅಟ್ಟದ ಡೆಸ್ಕ್‌ಟಾಪ್ ಆ ಕಾಲದ್ದು, ಸುಮ್ನೆ ಕೂತಿದ್ದರೂ 50 ವಾಟ್ ಎಳೆಯುತ್ತದೆ ಅಂದುಕೊಳ್ಳಿ. ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ ಡಿಸ್ಕ್) ಹಾಕಿದ ಪೈ 4 ಐದು ವಾಟ್ ಆಚೀಚೆ. ಡೆಸ್ಕ್‌ಟಾಪ್ ತಿಂಗಳಿಗೆ 36 ಯೂನಿಟ್, ಪೈ ಸುಮಾರು ಮೂರೂವರೆ. ನಿಮ್ಮ 170ಕ್ಕೆ 36 ಸೇರಿಸಿ ನೋಡಿ: 206. ಗೃಹಜ್ಯೋತಿಯಲ್ಲಿ 200 ದಾಟಿದರೆ ಹೆಚ್ಚಿನ ಆರು ಯೂನಿಟ್‌ಗೆ ಮಾತ್ರವಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಬೇರೆಯವರಿಗೆ ಹಳೇ ಡೆಸ್ಕ್‌ಟಾಪ್ ‘ಬಿಟ್ಟಿ’ ಇರಬಹುದು, ನಿಮಗೆ ಅದೇ ದುಬಾರಿ. ಅದನ್ನು ಅಟ್ಟದಲ್ಲೇ ಬಿಡಿ.

ಇಲ್ಲಿ ಇನ್ನೆರಡು ತಪ್ಪು ತಿಳಿವಳಿಕೆ ಓಡಾಡುತ್ತವೆ. ಅಡಾಪ್ಟರ್ ಮೇಲೆ 65 ವಾಟ್ ಎಂದು ಬರೆದಿದ್ದರೆ ಅದು 65 ವಾಟ್ ಕುಡಿಯುತ್ತದೆ ಎಂದಲ್ಲ, ಅಲ್ಲಿಯವರೆಗೆ ಕೊಡಬಲ್ಲದು ಎಂದು. ತಿರುಗಿಸಿ ಹೇಳಿದರೆ, ಇಂಟೆಲ್ ಎನ್100 ಪ್ರೊಸೆಸರ್ 6 ವಾಟ್‌ನದು ಎಂದು ಜಾಹೀರಾತು ಇದ್ದರೆ ಇಡೀ ಪೆಟ್ಟಿಗೆ 6 ವಾಟ್ ಎಂದೂ ಅಲ್ಲ. ಅದು ಚಿಪ್ಪಿನ ಅಂಕಿ. ರ‍್ಯಾಮ್, ಡಿಸ್ಕ್, ಫ್ಯಾನ್, ಅಡಾಪ್ಟರಿನ ನಷ್ಟ ಎಲ್ಲ ಸೇರಿ ಸುಮ್ನೆ ಕೂತಾಗ ಆರರಿಂದ ಹತ್ತು, ಜೋರಾಗಿ ದುಡಿದಾಗ ಇಪ್ಪತ್ತು ದಾಟುತ್ತದೆ. ಸಾಕೆಟ್ ಮತ್ತು ಪ್ಲಗ್ ನಡುವೆ ಹಾಕುವ ವಾಟ್ ಮೀಟರ್ ಒಂದು ಸಿಗುತ್ತದೆ. ಯಾರ ಬಳಿಯಾದರೂ ಇದ್ದರೆ ಒಂದು ದಿನಕ್ಕೆ ಕೇಳಿ ತನ್ನಿ. ಊಹೆಗಿಂತ ಅದು ವಾಸಿ.

ಬಿಲ್‌ಗಿಂತಲೂ ನಿಮ್ಮ ಕಡೆ ನನಗೆ ಮುಖ್ಯ ಅನ್ನಿಸುವುದು ಇನ್ವರ್ಟರ್. ಜುಲೈನಲ್ಲಿ ಆರು ಗಂಟೆ ಕರೆಂಟ್ ಇಲ್ಲ ಅನ್ನಿ. 50 ವಾಟ್ ಯಂತ್ರ ಆ ಹೊತ್ತಿನಲ್ಲಿ ಬ್ಯಾಟರಿಯಿಂದ 300 ವಾಟ್‌ಅವರ್ ಎಳೆದಿರುತ್ತದೆ. ಅಷ್ಟರಲ್ಲಿ ಐದು ಎಲ್‌ಇಡಿ ಬಲ್ಬ್ ಅಷ್ಟೂ ಹೊತ್ತು ಉರಿಯುತ್ತಿದ್ದವು. 5 ವಾಟ್‌ನ ಪೆಟ್ಟಿಗೆ ಬರೀ 30 ಎಳೆಯುತ್ತದೆ, ಗೊತ್ತೇ ಆಗುವುದಿಲ್ಲ.

ಪೈ ಬಗ್ಗೆ ನಿಮ್ಮ ತಮ್ಮ ಹೇಳಿದ್ದು ಸರಿ. ಆದರೆ ಹಾಕುವ ರೀತಿ ತಪ್ಪಿದರೆ ಮಲೆನಾಡಿನಲ್ಲಿ ಒಂದು ಮಳೆಗಾಲವೂ ದಾಟುವುದಿಲ್ಲ. ಇದು ನನ್ನ ಸ್ವಂತ ಅನುಭವ. ನಮ್ಮ ಮನೆಯ ಮೊದಲ ಹಾಡಿನ ಸರ್ವರ್ ಪೈಯೇ. ಎಲ್ಲರೂ ಮಾಡುವ ಹಾಗೆ ಮೈಕ್ರೋ ಎಸ್‌ಡಿ ಕಾರ್ಡಿನಿಂದ ಓಡಿಸುತ್ತಿದ್ದೆ. ಆಗಸ್ಟ್‌ನ ಒಂದು ಸಂಜೆ ಕರೆಂಟ್ ಮೂರು ಸಲ ಹೋಗಿ ಬಂತು. ಮೂರನೇ ಸಲ ಕೆಂಪು ದೀಪ ಹೊತ್ತಿತು, ಹಸಿರು ದೀಪ ಮಿಣುಕಲೇ ಇಲ್ಲ. ಕಾರ್ಡ್ ತೆಗೆದು ಲ್ಯಾಪ್‌ಟಾಪಿಗೆ ಹಾಕಿದೆ, ‘ಫಾರ್ಮ್ಯಾಟ್ ಮಾಡಲಾ’ ಎಂದು ಕೇಳಿತು. ಹಾಡುಗಳು ಬೇರೆ ಡಿಸ್ಕಿನಲ್ಲಿ ಇದ್ದದ್ದಕ್ಕೆ ಉಳಿದವು.

ಯಾಕೆ ಹೀಗೆ? ಹಾಡು ಕೇಳುವುದು ಬರೀ ಓದುವ ಕೆಲಸ ಅನ್ನಿಸುತ್ತದೆ. ಆದರೆ ಒಳಗೆ ಸರ್ವರ್ ಸುಮ್ಮನಿರುವುದಿಲ್ಲ. ಯಾರು ಏನು ಕೇಳಿದರು, ಎಲ್ಲಿ ನಿಲ್ಲಿಸಿದರು, ಯಾವ ದೋಷ ಬಂತು ಎಂದು ಸದಾ ಏನಾದರೂ ಬರೆಯುತ್ತಲೇ ಇರುತ್ತದೆ. ಕಾರ್ಡಿನಲ್ಲಿ ಒಂದು ಸಾಲು ಬದಲಿಸಬೇಕಾದರೂ ಒಂದು ದೊಡ್ಡ ತುಂಡನ್ನೇ ಅಳಿಸಿ ಮತ್ತೆ ಬರೆಯಬೇಕಾಗುತ್ತದೆ. ಆ ಕ್ಷಣದಲ್ಲಿ ಕರೆಂಟ್ ಹೋದರೆ ಹೊಸದರ ಜೊತೆ ಅಕ್ಕಪಕ್ಕದ ಹಳೆಯದೂ ಹಾಳು. ಒಳ್ಳೆಯ ಎಸ್‌ಎಸ್‌ಡಿಯಲ್ಲಿ ಈ ಅಳಿಸಿ ಬರೆಯುವ ಕೆಲಸವನ್ನು ನಿಭಾಯಿಸುವ ವ್ಯವಸ್ಥೆ ಗಟ್ಟಿಯಾಗಿರುತ್ತದೆ. ಆದ್ದರಿಂದ ಪೈ ತೆಗೆದುಕೊಂಡರೆ ಕಾರ್ಡನ್ನು ಪೂರ್ತಿ ಬಿಟ್ಟುಬಿಡಿ, ಯುಎಸ್‌ಬಿ ಎಸ್‌ಎಸ್‌ಡಿಯಿಂದಲೇ ಬೂಟ್ ಆಗುವಂತೆ ಮಾಡಿ. ಪೈ 4ರಲ್ಲಿ ಇದು ಸಾಧ್ಯ.

ಪೈನ ಎರಡನೇ ಕಾಯಿಲೆ ಅಡಾಪ್ಟರ್. ಮನೆಯಲ್ಲಿ ಬಿದ್ದಿರುವ ಫೋನ್ ಚಾರ್ಜರ್ ಚುಚ್ಚುತ್ತಾರೆ. ಪೈ 4ಕ್ಕೆ 5 ವೋಲ್ಟ್ 3 ಆಂಪಿಯರ್ ಬೇಕು, ಪೈ 5ಕ್ಕೆ 5 ವೋಲ್ಟ್ 5 ಆಂಪಿಯರ್. ಸಪೂರ ಕೇಬಲ್‌ನಲ್ಲೇ ವೋಲ್ಟೇಜ್ ಸೋರಿಹೋಗುತ್ತದೆ, ಟಿವಿಗೆ ಜೋಡಿಸಿದ್ದರೆ ಮೂಲೆಯಲ್ಲಿ ಮಿಂಚಿನ ಗುರುತು ಕಾಣುತ್ತದೆ. ಪೈ 5ಕ್ಕೆ 3 ಆಂಪಿಯರ್‌ನ ಅಡಾಪ್ಟರ್ ಹಾಕಿದರೆ ಅದು ತನ್ನ ಯುಎಸ್‌ಬಿ ಪೋರ್ಟುಗಳಿಗೆಲ್ಲ ಸೇರಿ 600 ಮಿಲಿಆಂಪಿಯರ್ ಮಾತ್ರ ಕೊಡುತ್ತದೆ. ಆಗ ಡಿಸ್ಕ್ ಒಮ್ಮೆ ಕಾಣುತ್ತದೆ, ಒಮ್ಮೆ ಮಾಯ. ಜನ ಡಿಸ್ಕನ್ನೇ ಬೈಯುತ್ತಾರೆ. ಕಂಪನಿಯದೇ ಅಡಾಪ್ಟರ್ ಕೊಳ್ಳಿ, ಅಲ್ಲಿ ಉಳಿತಾಯ ಬೇಡ. ಎಸ್‌ಎಸ್‌ಡಿ ಕೂರಿಸುವ ಕೇಸ್ ಕೊಳ್ಳುವಾಗಲೂ ಹಿಂದಿರುಗಿಸುವ ಅವಕಾಶ ಇರುವ ಕಡೆ ಕೊಳ್ಳಿ, ಕೆಲವು ಕೇಸ್‌ಗಳ ಒಳಗಿನ ಚಿಪ್ ಪೈ ಜೊತೆ ಹೊಂದುವುದಿಲ್ಲ.

ಪೈ ಬೇಡ ಅನ್ನಿಸಿದರೆ ಸೆಕೆಂಡ್ ಹ್ಯಾಂಡ್ ಥಿನ್ ಕ್ಲೈಂಟ್ ನೋಡಬಹುದು. ಕಂಪನಿಗಳು ಸಾಲುಸಾಲಾಗಿ ಬಳಸಿ ಬಿಟ್ಟ, ದಪ್ಪ ಪುಸ್ತಕದಷ್ಟು ಗಾತ್ರದ ಪೆಟ್ಟಿಗೆಗಳು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ, ತಮ್ಮನಿಗೆ ಹೇಳಬಹುದು. ಡೆಲ್ ವೈಸ್ 5070 ಥರದ್ದಕ್ಕೆ ಫ್ಯಾನೇ ಇಲ್ಲ, ಐದಾರು ವಾಟ್‌ನಲ್ಲಿ ನಡೆಯುತ್ತದೆ, ಒಳಗೇ ಎಸ್‌ಎಸ್‌ಡಿ ಹಾಕಬಹುದು. ಆದರೆ ಎಸ್‌ಎಸ್‌ಡಿ ಕೂರಿಸುವ ಅದರ ಎಂ.2 ಜಾಗ ಸಾಟಾ ಬಗೆಯದು, ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿ ತಂದರೆ ನಡೆಯುವುದಿಲ್ಲ. ಗ್ಯಾರಂಟಿ ಇರುವುದಿಲ್ಲ. ಅಡಾಪ್ಟರ್ ಸುಟ್ಟರೆ ಸಾಗರದಲ್ಲಿ ಅದೇ ಪಿನ್ನಿನದು ಸಿಗುವುದು ಕಷ್ಟ, ಕೊಳ್ಳುವಾಗಲೇ ಒಂದು ಹೆಚ್ಚಿಗೆ ತರಿಸಿ.

ಇಂಥ ಪೆಟ್ಟಿಗೆಗಳಲ್ಲಿ ಎರಡು ವಿಷಯ ಮರೆಯಬಾರದು. ಬಯೋಸ್‌ನಲ್ಲಿ (ಯಂತ್ರ ಶುರುವಾಗುವಾಗಿನ ಸೆಟ್ಟಿಂಗ್ ಪರದೆ) ‘ಕರೆಂಟ್ ಬಂದಾಗ ಏನು ಮಾಡಲಿ’ ಎಂಬ ಅರ್ಥದ ಆಯ್ಕೆ ಇರುತ್ತದೆ, ಅದನ್ನು ‘ಆನ್ ಆಗು’ ಎಂದು ಇಡಬೇಕು. ಎರಡನೆಯದು ಬಟನ್ ಬ್ಯಾಟರಿ. ಹಳೇ ಪೆಟ್ಟಿಗೆಯ ಆ ಬ್ಯಾಟರಿ ಸತ್ತಿದ್ದರೆ, ಕರೆಂಟ್ ಹೋಗಿ ಬಂದಾಗ ಗಡಿಯಾರ ಮರೆತು, ಎಫ್1 ಒತ್ತಿ ಎಂದು ಪರದೆಯ ಮೇಲೆ ಬರೆದು ಕಾಯುತ್ತಾ ನಿಲ್ಲುತ್ತದೆ. ನಿಮ್ಮ ಸರ್ವರ್‌ಗೆ ಪರದೆಯೂ ಇಲ್ಲ, ಕೀಬೋರ್ಡೂ ಇಲ್ಲ. ಯಂತ್ರ ಕೆಟ್ಟಿದೆ ಅಂದುಕೊಂಡು ಇಪ್ಪತ್ತೈದು ಕಿಲೋಮೀಟರ್ ದೂರದಿಂದ ನನ್ನ ಬಳಿ ಹೊತ್ತು ತಂದವರಿದ್ದಾರೆ. ಸಿಆರ್2032 ಸೆಲ್ ಒಂದು ಹಾಕಿದೆ, ಸರಿಹೋಯಿತು. ಪೈನಲ್ಲಿ ಈ ತಾಪತ್ರಯ ಇಲ್ಲ, ಕರೆಂಟ್ ಬಂದರೆ ತಾನೇ ಏಳುತ್ತದೆ.

ಹಳೇ ಲ್ಯಾಪ್‌ಟಾಪ್ ಇದ್ದರೆ? ಪರದೆ ಆಫ್ ಮಾಡಿದರೆ ಹತ್ತು ವಾಟ್ ಸುಮಾರಿಗೆ ನಡೆಯುತ್ತದೆ, ಬ್ಯಾಟರಿಯೇ ಯುಪಿಎಸ್. ಚೆನ್ನಾಗಿಯೇ ಇದೆ. ಆದರೆ ವರ್ಷವಿಡೀ ನೂರಕ್ಕೆ ನೂರು ಚಾರ್ಜಿನಲ್ಲಿ ಇಟ್ಟರೆ ಬ್ಯಾಟರಿ ಉಬ್ಬಬಹುದು. ಟಚ್‌ಪ್ಯಾಡ್ ಮೇಲೆದ್ದಂತೆ ಕಂಡರೆ ಆ ದಿನವೇ ಬಳಸುವುದು ನಿಲ್ಲಿಸಬೇಕು. ಚಾರ್ಜ್ ಮಿತಿ ಇಡುವ ಸೌಲಭ್ಯ ಇದ್ದರೆ ಮಾತ್ರ ಈ ದಾರಿ ಹಿಡಿಯಿರಿ. ಎನ್100 ಮಿನಿ ಪಿಸಿ ಒಳ್ಳೆಯದೇ, ಸಿನಿಮಾ ಕೂಡ ಬೇಕು ಅನ್ನುವ ಮನೆಗೆ ಅದನ್ನೇ ಹೇಳುತ್ತಿದ್ದೆ.

ನ್ಯಾಸ್ (ನೆಟ್‌ವರ್ಕಿಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ) ಬೇಕಾ ಎಂದು ಯಾರಾದರೂ ಕೇಳಿದರೆ ಮೊದಲು ಜಾಗದ ಲೆಕ್ಕ ಹಾಕಿ. ಎಲ್ಲವೂ 90 ನಿಮಿಷದ ಕ್ಯಾಸೆಟ್ ಅಂದುಕೊಂಡರೂ 450 ಗಂಟೆ, ಗಂಟೆಗೆ ಸುಮಾರು 380 ಎಂಬಿ. ಸಿಡಿಗಳೂ ಸೇರಿ 260ರಿಂದ 280 ಜಿಬಿ. 500 ಜಿಬಿಯ ಒಂದು ಎಸ್‌ಎಸ್‌ಡಿ ಸಾಕಾಗಿ ಮಿಗುತ್ತದೆ. ಎರಡು ದೊಡ್ಡ ಡಿಸ್ಕ್ ಸದಾ ತಿರುಗುವ ನ್ಯಾಸ್‌ಗೆ 15–20 ವಾಟ್ ಕೊಡುವ ಅಗತ್ಯವೇ ಇಲ್ಲ. ಎರಡು ಡಿಸ್ಕಿನಲ್ಲಿ ಒಂದೇ ಪ್ರತಿ ಇದ್ದರೆ ಸುರಕ್ಷಿತ ಎಂದೂ ಹೇಳುತ್ತಾರೆ. ಒಂದು ಡಿಸ್ಕ್ ಕೆಟ್ಟರೆ ಅದು ಕಾಪಾಡುತ್ತದೆ, ನಿಜ. ಸಿಡಿಲು ಹೊಡೆದರೆ, ಕೈತಪ್ಪಿ ಫೋಲ್ಡರ್ ಅಳಿಸಿದರೆ ಎರಡೂ ಒಟ್ಟಿಗೇ ಹೋಗುತ್ತವೆ. ನಿಮ್ಮ ಬಜೆಟ್‌ನಲ್ಲಿ ಉಳಿದ ದುಡ್ಡಿಗೆ ಒಂದು ಪೋರ್ಟಬಲ್ ಹಾರ್ಡ್‌ಡಿಸ್ಕ್ ಕೊಂಡು, ಎಲ್ಲವನ್ನೂ ಪ್ರತಿ ಮಾಡಿ, ತಮ್ಮನ ಕೈಗೆ ಕೊಟ್ಟು ಬೆಂಗಳೂರಿಗೆ ಕಳಿಸಿ. ವರ್ಷಕ್ಕೊಮ್ಮೆ ಹಬ್ಬಕ್ಕೆ ಬಂದಾಗ ತಂದು ಹೊಸದನ್ನು ಸೇರಿಸಿಕೊಳ್ಳಲಿ. ಇನ್ನೊಂದು ಪ್ರತಿ ನಿಮ್ಮ ಈಗಿನ ಕಂಪ್ಯೂಟರಿನಲ್ಲಿ ಇದ್ದೇ ಇದೆ, ಅಳಿಸಬೇಡಿ.

ಹಾಗಾಗಿ ನಿಮಗೆ ನನ್ನ ಸಲಹೆ: 2 ಜಿಬಿಯ ಪೈ 4, ಅದರದೇ ಅಡಾಪ್ಟರ್, 500 ಜಿಬಿ ಎಸ್‌ಎಸ್‌ಡಿ, ಒಂದು ಯುಎಸ್‌ಬಿ ಡ್ಯಾಕ್. ಪೈಯನ್ನು ಜಗಲಿಯ ಆಂಪ್ಲಿಫೈಯರ್ ಪಕ್ಕದಲ್ಲೇ ಇಡಿ, ರೂಟರಿನಿಂದ ಅಲ್ಲಿಗೆ ನೆಟ್‌ವರ್ಕ್ ಕೇಬಲ್ ಎಳೆಯಿರಿ. ಫೋನಿಗೆ ನ್ಯಾವಿಡ್ರೋಮ್, ಆಂಪ್ಲಿಫೈಯರ್‌ಗೆ ಲಿರಿಯನ್. ಎರಡೂ ಒಂದೇ ಪೈನಲ್ಲಿ ಒಂದೇ ಫೋಲ್ಡರ್ ನೋಡಿಕೊಂಡು ನಡೆಯುತ್ತವೆ. ರೂಟರ್, ಪೈ ಎರಡೂ ಇನ್ವರ್ಟರ್ ಲೈನಿನಲ್ಲೇ ಇರಲಿ. ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದಕ್ಕೆ ತಿರುಗಿಸಿ, ಬದಲಾಗುವ ಹೊತ್ತು ಕಡಿಮೆಯಾಗುತ್ತದೆ. ಫೋನಿನ ಪವರ್ ಬ್ಯಾಂಕನ್ನು ನಡುವೆ ಹಾಕಿ ಯುಪಿಎಸ್ ಮಾಡಿಕೊಳ್ಳುವ ಯೋಚನೆ ಬೇಡ. ಕರೆಂಟ್ ಹೋದ ಕ್ಷಣ ಬಹಳಷ್ಟು ಪವರ್ ಬ್ಯಾಂಕುಗಳು ಒಂದು ಗಳಿಗೆ ಕೈಬಿಡುತ್ತವೆ, ಪೈಗೆ ಅಷ್ಟೇ ಸಾಕು. ಗುಡುಗು ಶುರುವಾದರೆ ಪ್ಲಗ್ ಕೀಳುವ ಅಭ್ಯಾಸ ನಿಮಗೆ ಇದ್ದೇ ಇರುತ್ತದೆ.

ತಮ್ಮನಿಗೆ ಬೆಂಗಳೂರಿನಲ್ಲಿ ಕೇಳಲು ರೂಟರಿನಲ್ಲಿ ಪೋರ್ಟ್ ತೆರೆಯಲು ಹೋಗಬೇಡಿ. ಬಹಳಷ್ಟು ಫೈಬರ್ ಕನೆಕ್ಷನ್‌ಗಳಲ್ಲಿ ನಿಮಗೇ ಅಂತ ಪ್ರತ್ಯೇಕ ವಿಳಾಸ ಇರುವುದಿಲ್ಲ, ಅದು ಕೆಲಸ ಮಾಡದು, ಮಾಡಿದರೂ ಅಪಾಯ. ಇಂಟರ್ನೆಟ್ ಮೇಲೆಯೇ ನಿಮ್ಮ ಯಂತ್ರಗಳ ನಡುವೆ ಖಾಸಗಿ ದಾರಿ ಮಾಡಿಕೊಡುವ ಟೈಲ್‌ಸ್ಕೇಲ್ ತಂತ್ರಾಂಶ ಹಾಕಿ. ಅವನ ಫೋನಿನಲ್ಲಿ ಓಪಸ್ 128 (ಕಡಿಮೆ ಡೇಟಾ ಸಾಕಾಗುವ ಧ್ವನಿಯ ಬಗೆ) ಎಂದು ಆರಿಸಿದರೆ ಪೈ ಫ್ಲ್ಯಾಕನ್ನು ಅಲ್ಲೇ ಕಿರಿದು ಮಾಡಿ ಕಳಿಸುತ್ತದೆ, ಮೊಬೈಲ್ ಡೇಟಾ ಉಳಿಯುತ್ತದೆ.

ನಿಮಗೆ ಒಂದು ತೊಡಕು ಬಂದೇ ಬರುತ್ತದೆ, ಮುಂಚೆಯೇ ಹೇಳಿಬಿಡುತ್ತೇನೆ. ಫೈಲುಗಳ ಹೆಸರು ಕನ್ನಡದಲ್ಲಿ ಇಟ್ಟಿದ್ದೀರಿ ಅಂದುಕೊಳ್ಳುತ್ತೇನೆ. ವಿಂಡೋಸ್‌ನಲ್ಲಿ ಚೆನ್ನಾಗಿದ್ದ ಕೆಲವು ಫೈಲುಗಳು ಪೈಗೆ ಪ್ರತಿ ಮಾಡುವಾಗ ‘ಹೆಸರು ಉದ್ದವಾಯಿತು’ ಎಂದು ನಿಂತುಬಿಡುತ್ತವೆ. ಪೈ ನಡೆಯುವುದು ಲಿನಕ್ಸ್‌ನಲ್ಲಿ, ಅದರ ಎಕ್ಸ್‌ಟ್4 ಬಗೆಯ ಡಿಸ್ಕಿನಲ್ಲಿ ಒಂದು ಹೆಸರಿಗೆ 255 ಬೈಟ್ ಜಾಗ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೇಕು. ಒತ್ತು, ಗುಣಿತ ಎಲ್ಲ ಬೇರೆ ಬೇರೆ ಎಣಿಕೆ. ‘ಕರ್ಣಪರ್ವ’ ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ, ಡಿಸ್ಕಿಗೆ ಎಂಟು ಸಂಕೇತ, 24 ಬೈಟ್. ಪ್ರಸಂಗ, ಭಾಗವತರು, ಅರ್ಥಧಾರಿಗಳು, ಊರು, ದಿನಾಂಕ ಎಲ್ಲವನ್ನೂ ಹೆಸರಿನಲ್ಲೇ ಬರೆದಿದ್ದರೆ 255 ದಾಟುವುದು ಸುಲಭ. ಅರ್ಧ ರಾತ್ರಿ ಪ್ರತಿ ಮಾಡಲು ಬಿಟ್ಟು ಮಲಗಿದರೆ ಯಾವುದು ಬಂತು, ಯಾವುದು ಬರಲಿಲ್ಲ ಗೊತ್ತಾಗುವುದಿಲ್ಲ. ಫೈಲಿನ ಹೆಸರು ಚಿಕ್ಕದಾಗಿರಲಿ, ಕ್ಯಾಸೆಟ್ ಸಂಖ್ಯೆ ಮತ್ತು ಪ್ರಸಂಗ ಸಾಕು. ಉಳಿದ ವಿವರವೆಲ್ಲ ಫ್ಲ್ಯಾಕ್ ಒಳಗಿನ ಟ್ಯಾಗ್‌ಗೆ ಹಾಕಿ. ಅಲ್ಲಿ ಕನ್ನಡಕ್ಕೆ ಈ ಮಿತಿ ಇಲ್ಲ, ಅಮ್ಮನ ಫೋನಿನಲ್ಲಿ ಕಾಣುವುದೂ ಆ ಟ್ಯಾಗೇ. ಪ್ರತಿ ಮುಗಿದ ಮೇಲೆ ಎರಡೂ ಕಡೆ ಫೈಲುಗಳ ಸಂಖ್ಯೆ ಒಂದೇ ಇದೆಯಾ ಎಂದು ಎಣಿಸಿ ನೋಡಿ.

ಎಲ್ಲ ಜೋಡಿಸಿ, ಪ್ರತಿಯ ಡಿಸ್ಕ್ ಬೆಂಗಳೂರಿಗೆ ಹೋದ ಮೇಲೆ ಒಂದು ಪರೀಕ್ಷೆ ಮಾಡಿ. ಜಗಲಿಯಲ್ಲಿ ಪದ ಹಾಡುತ್ತಿರುವಾಗಲೇ ಪೈನ ಪ್ಲಗ್ ಕಿತ್ತುಬಿಡಿ. ಐದು ನಿಮಿಷ ಬಿಟ್ಟು ಹಾಕಿ. ಇನ್ನೇನನ್ನೂ ಮುಟ್ಟದೆ ಅಮ್ಮನ ಹತ್ತಿರ ಫೋನ್ ಕೊಟ್ಟು, ಅವರಿಗೆ ಬೇಕಾದ ಪ್ರಸಂಗ ಹಾಕಲು ಹೇಳಿ. ಹಾಡಿದರೆ ಮಳೆಗಾಲಕ್ಕೆ ತಯಾರು. ಹಾಡದಿದ್ದರೆ ಎಲ್ಲಿ ನಿಂತಿತು, ದೀಪ ಯಾವ ಬಣ್ಣದ್ದು ಉರಿಯುತ್ತಿದೆ ಎಂದು ನೋಡಿ ನನಗೆ ಬರೆಯಿರಿ.